ಸುಳ್ಳು ಹೇಳಿಲ್ಲ, ಆದರೂ ನಿಜವಲ್ಲ

"ಕಣ್ಣಾರೆ ನೋಡಿದ್ದೀನಿ ಮೇಡಂ. ಸುಳ್ಳು ಹೇಳೋಕೆ ನನಗೇನು ಹುಚ್ಚಾ?"

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಅದರ ಹಿಂದಿನ ಲೆಕ್ಕದ ಮೇಲೆ. ಸಾಕ್ಷಿ ಹೇಳುವವರು ಒಂದೋ ನಿಜ ಹೇಳುತ್ತಾರೆ, ಇಲ್ಲವೇ ಸುಳ್ಳು ಹೇಳುತ್ತಾರೆ ಎಂಬ ಲೆಕ್ಕ. ಚೆನ್ನಾಗಿ ಓದಿದವರೂ ಇದನ್ನೇ ನಂಬಿದ್ದಾರೆ. ಮೂರನೆಯದೊಂದಿದೆ. ಒಳಗೆ ಒಂದಿಷ್ಟೂ ಕಪಟವಿಲ್ಲದೆ ತಪ್ಪಾಗಿ ನೆನಪಿಟ್ಟುಕೊಳ್ಳುವುದು. ನಾನು ಕಂಡಂತೆ ಸುಳ್ಳಿಗಿಂತ ಅದೇ ಜಾಸ್ತಿ.

ನಾನು ಮನಶ್ಶಾಸ್ತ್ರಜ್ಞೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬ ಮಹಿಳೆ ಬಂದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬೈಕಿನಲ್ಲಿ ಬಂದವನೊಬ್ಬ ಅವರ ಬ್ಯಾಗ್ ಕಿತ್ತುಕೊಂಡು ಹೋಗಿದ್ದ. ಆಮೇಲೆ ತೋರಿಸಿದ ಫೋಟೋಗಳಲ್ಲಿ ಒಂದನ್ನು ತುಂಬ ಹೊತ್ತು ನೋಡಿ, "ಇವನೇ ಇರಬೇಕು" ಅಂದಿದ್ದರು. ಕೋರ್ಟಿಗೆ ಹೋಗುವ ಹೊತ್ತಿಗೆ ಆ "ಇರಬೇಕು" ಮಾಯವಾಗಿತ್ತು. "ಎಡಗಡೆ ಸ್ವಲ್ಪ ಕತ್ತರಿಸಿದಂತಿದ್ದ ಆ ಮೀಸೆ ಸಾಯೋವರೆಗೂ ಮರೆಯಲ್ಲ" ಎಂದರಂತೆ. ಎದುರು ವಕೀಲರು ಅವರ ಮೊದಲ ದೂರನ್ನೇ ತೆಗೆದು ಓದಿದರು. ಮುಖಕ್ಕೆ ಕರ್ಚೀಫ್ ಕಟ್ಟಿದ್ದ, ಕಣ್ಣು ಮಾತ್ರ ಕಾಣುತ್ತಿತ್ತು ಎಂದಿತ್ತು.

ಆ ದೂರಿನ ಜೆರಾಕ್ಸ್ ಪ್ರತಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಿದ್ದರು. ಮಡಿಸಿ ಮಡಿಸಿ ಮಡಿಕೆಯ ಹತ್ತಿರ ಅಕ್ಷರ ಅಳಿಸಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು, "ಸಹಿ ನನ್ನದೇ. ಆದರೆ ಮೀಸೆ ನೋಡಿದ್ದೀನಲ್ಲ ಮೇಡಂ" ಎಂದು ಅತ್ತರು. ಎಲ್ಲರೆದುರು ಸುಳ್ಳಿ ಅನ್ನಿಸಿಕೊಂಡ ನೋವು ಬ್ಯಾಗ್ ಹೋದದ್ದಕ್ಕಿಂತ ದೊಡ್ಡದಾಗಿತ್ತು.

ಅವರು ಮೀಸೆ ನೋಡಿದ್ದು ನಿಜ. ಬಹುಶಃ ಫೋಟೋದಲ್ಲಿ. ನೋಡಿದ್ದು ಉಳಿದಿದೆ, ಎಲ್ಲಿ ನೋಡಿದ್ದು ಎಂಬುದು ಕಳಚಿಹೋಗಿದೆ. ಒಬ್ಬರ ವಿಷಯದಲ್ಲಿ ಹೀಗೇ ಆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ, ಆದರೆ ನೆನಪು ಹೀಗೆ ಬೆರಕೆಯಾಗುವುದು ನಮ್ಮ ಕ್ಷೇತ್ರದಲ್ಲಿ ಹಳೇ ವಿಷಯ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಅಮೆರಿಕದ ಸಂಶೋಧಕರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಎಂದು ಕೇಳಿದರೆ ಸರಾಸರಿ ಗಂಟೆಗೆ 32 ಮೈಲಿ ಎಂಬ ಉತ್ತರ. "ಅಪ್ಪಳಿಸಿದಾಗ" ಎಂದು ಕೇಳಿದರೆ ಸುಮಾರು 41. ಇನ್ನೊಂದು ಪ್ರಯೋಗದಲ್ಲಿ, ವಾರದ ಬಳಿಕ, "ಒಡೆದ ಗಾಜು ನೋಡಿದಿರಾ?" ಎಂದು ಕೇಳಿದರು. ಚಿತ್ರದಲ್ಲಿ ಗಾಜೇ ಇರಲಿಲ್ಲ. ಆದರೂ "ಅಪ್ಪಳಿಸಿದಾಗ" ಎಂಬ ಪದ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಜನ ಹೌದು ಅಂದರು. ಪ್ರಶ್ನೆಯ ಒಂದೇ ಪದ ಇಷ್ಟು ಮಾಡುತ್ತದೆ. ಇನ್ನು ಮನೆಯವರು, ನೆಂಟರು, ಪೊಲೀಸರು ತಿಂಗಳುಗಟ್ಟಲೆ ಕೇಳಿದ ಪ್ರಶ್ನೆಗಳು ಏನು ಮಾಡಿರಬೇಡ?

ಇಷ್ಟು ಹೇಳಿದ ಮೇಲೂ ಎಲ್ಲರೂ ಕೇಳುವುದು ಒಂದೇ. "ಆದರೆ ಅವರು ಅಷ್ಟು ಗಟ್ಟಿಯಾಗಿ ಹೇಳುತ್ತಾರಲ್ಲ?"

ಗಟ್ಟಿಯಾಗಿ ಹೇಳುವುದು ಬೇರೆ, ಸರಿಯಾಗಿ ಹೇಳುವುದು ಬೇರೆ. ನೂರು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಖಚಿತತೆ ನೆನಪಿನೊಳಗಿಂದಲೇ ಬರಬೇಕೆಂದಿಲ್ಲ, ಹೊರಗಿನಿಂದಲೂ ಬರುತ್ತದೆ. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಎಂಬ ಸಂಶೋಧಕರು ಇದನ್ನು ಪ್ರಯೋಗದಲ್ಲಿ ತೋರಿಸಿದರು. ವಿಡಿಯೊದಲ್ಲಿ ಅಪರಾಧಿಯನ್ನು ನೋಡಿದ ಮೇಲೆ, ಅವನ ಫೋಟೋವೇ ಇಲ್ಲದ ಗುಂಪಿನಿಂದ ಜನ ಯಾರನ್ನೋ ಆರಿಸಿದರು. ಕೆಲವರಿಗೆ ಮಾತ್ರ, ಒಳ್ಳೆಯದು, ನೀವು ಶಂಕಿತನನ್ನೇ ಗುರುತಿಸಿದಿರಿ ಎಂದು ಹೇಳಲಾಯಿತು. ಅಷ್ಟಕ್ಕೇ ಅವರು ತಮಗೆ ಮೊದಲಿನಿಂದಲೂ ಖಚಿತವಿತ್ತು, ಮುಖ ಚೆನ್ನಾಗಿ ಕಂಡಿತ್ತು ಎಂದು ಹೇಳತೊಡಗಿದರು. ಯೋಚನೆ ಮಾಡಿ. ಬೆನ್ನು ತಟ್ಟಿದ್ದು ಇವತ್ತು, ಬದಲಾದದ್ದು ಅವತ್ತಿನ ನೆನಪು.

ಹಾಗಂತ ಸಾಕ್ಷಿಗಳ ಮಾತೆಲ್ಲ ದಂಡ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಆ ಕಡೆಗೂ ವಾಲಬೇಡಿ. ಯಾರೂ ಸುಳಿವು ಕೊಡದೆ, ಸರಿಯಾದ ರೀತಿಯಲ್ಲಿ ತೋರಿಸಿದಾಗ, ಮೊದಲ ಸಲವೇ ತಡವರಿಸದೆ ಗುರುತಿಸಿದರೆ ಆ ಖಚಿತತೆಗೆ ಸಾಕಷ್ಟು ಬೆಲೆ ಇದೆ. ವರ್ಷ ಕಳೆದು ಕೋರ್ಟಿನಲ್ಲಿ ಕಾಣುವ ಖಚಿತತೆಗೆ ಆ ಬೆಲೆ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ನೆ ಹೇಳಿಲ್ಲ ಅಲ್ವಾ?

ಅದಕ್ಕೇ ಬೇಡಿಕೊಳ್ಳುತ್ತೇನೆ. ಏನಾದರೂ ಕಂಡರೆ, ಯಾರೊಂದಿಗೂ ಚರ್ಚಿಸುವ ಮೊದಲೇ ಬರೆದಿಡಿ. ಕಾಣದ್ದನ್ನು "ಕಾಣಲಿಲ್ಲ" ಎಂದೇ ಬರೆಯಿರಿ. ನೋಡಿದವರು ನಿಮ್ಮ ಮಗುವೇ ಆದರೆ, "ಕೆಂಪು ಶರ್ಟ್ ಹಾಕಿದ್ನಾ?" ಎನ್ನಬೇಡಿ. "ಏನು ನೋಡಿದೆ ಪುಟ್ಟಾ?" ಎಂದು ಕೇಳಿ ಬಾಯಿ ಮುಚ್ಚಿಕೊಂಡಿರಿ.

ಆ ಮಹಿಳೆ ಕೊನೆಯ ಸಲ ಬಂದಾಗ ಕೇಳಿದ್ದು, "ನಾನು ಸುಳ್ಳು ಹೇಳಿಲ್ಲ ಅಂತ ನೀವಾದರೂ ಒಪ್ಪುತ್ತೀರಾ?"

"ಒಪ್ಪುತ್ತೇನಮ್ಮ" ಅಂದೆ.

"ಆದರೆ ಮೀಸೆ ಇನ್ನೂ ಕಾಣುತ್ತೆ."

"ಕಾಣುತ್ತಲೇ ಇರುತ್ತೆ" ಅಂದೆ. ಅವರು ಆ ಜೆರಾಕ್ಸ್ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿ ಪರ್ಸಿಗೆ ಹಾಕಿಕೊಂಡರು.