ಮಾತ್ರೆ ನುಂಗುವವರನ್ನೇ ಕೇಳಿ

"ಮಾತ್ರೆ ಶುರುವಾದ ಮೇಲೆ ಹೇಗಿದಾನೆ?" ಎಂದರೆ ಅಪ್ಪ ಅಮ್ಮಂದಿರು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: "ಸುಮ್ಮನಾಗಿದಾನೆ ಸಾರ್." ಮೈಸೂರಿನ ನನ್ನ ಕ್ಲಿನಿಕ್ಕಿಗೆ ಮದ್ದೂರು, ಪಾಂಡವಪುರ, ನಂಜನಗೂಡು ಕಡೆಯಿಂದ ಬರುವ ಆಟಿಸಂ ಇರುವವರಲ್ಲಿ ಅನೇಕರು ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಎಂಬ ಆಂಟಿಸೈಕೋಟಿಕ್, ಅಂದರೆ ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅವರು ಸುಮ್ಮನಾಗಿದ್ದು ನೆಮ್ಮದಿಯಿಂದಲೋ, ಮಂಪರಿನಿಂದಲೋ, ಹೇಳಿಕೊಳ್ಳಲಾಗದ ಸಂಕಟದಿಂದಲೋ ಎಂಬುದು ನೋಡುವವರಿಗೆ ಸುಲಭವಾಗಿ ತಿಳಿಯುವುದಿಲ್ಲ. ನುಂಗಿದವರನ್ನೇ ಕೇಳಬೇಕು.

ಈ ಮಾತ್ರೆಗಳು ಆಟಿಸಂಗೆ ಮದ್ದಲ್ಲ. ಮಾತು ಬರಿಸುವುದಿಲ್ಲ, ಜನರೊಡನೆ ಬೆರೆಯುವುದನ್ನು ಕಲಿಸುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ರಿಸ್ಪೆರಿಡೋನ್‌ಗೆ, 2009ರಲ್ಲಿ ಅರಿಪಿಪ್ರಜೋಲ್‌ಗೆ ಒಪ್ಪಿಗೆ ಕೊಟ್ಟದ್ದು ಆಟಿಸಂ ಇರುವ ಮಕ್ಕಳ ವಿಪರೀತ ರೇಗಾಟ, ತಲೆ ಚಚ್ಚಿಕೊಳ್ಳುವುದು, ಇತರರ ಮೇಲೆ ಬೀಳುವುದು ಇಂಥವುಗಳಿಗೆ. ಅಲ್ಲಿ ಉಪಯೋಗ ನಿಜಕ್ಕೂ ಇದೆ. 2002ರಲ್ಲಿ ಪ್ರಕಟವಾದ, 101 ಮಕ್ಕಳ ಎಂಟು ವಾರದ ಅಧ್ಯಯನದಲ್ಲಿ ರಿಸ್ಪೆರಿಡೋನ್ ತೆಗೆದುಕೊಂಡವರಲ್ಲಿ ಶೇ. 69 ಮಂದಿ ಚೆನ್ನಾಗಿ ಸುಧಾರಿಸಿದರು; ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 12 ಮಾತ್ರ. ಅದೇ ಎಂಟು ವಾರದಲ್ಲಿ ಔಷಧ ಪಡೆದವರ ತೂಕ ಸರಾಸರಿ 2.7 ಕಿಲೋ ಏರಿತ್ತು, ಉಳಿದವರದು 0.8 ಕಿಲೋ.

ಮಾತಾಡಬಲ್ಲ ದೊಡ್ಡವರು ಹೇಳುವುದೂ ಹೀಗೆಯೇ ಎರಡು ಬಗೆ. ಬಸ್ ಸ್ಟ್ಯಾಂಡಿನ ಗಲಾಟೆ ಈಗ ತಡೆದುಕೊಳ್ಳಬಲ್ಲೆ, ಕೆಲಸಕ್ಕೆ ಹೋಗುತ್ತಿದ್ದೇನೆ ಎನ್ನುವವರಿದ್ದಾರೆ. ತಲೆಗೆ ಮಂಕು ಕವಿದಿದೆ, ಇಷ್ಟಪಟ್ಟು ಬರೆಯುತ್ತಿದ್ದ ರೈಲಿನ ವೇಳಾಪಟ್ಟಿಯೂ ಬೇಡವಾಗಿದೆ ಎನ್ನುವವರೂ ಇದ್ದಾರೆ. ಈ ಎರಡನೆಯವರನ್ನು ಮನೆಯವರು 'ಚೆನ್ನಾಗಿದಾನೆ' ಎನ್ನುವುದೇ ಹೆಚ್ಚು.

ನನ್ನನ್ನು ಹೆಚ್ಚು ಕಾಡುವುದು ಅಕಥೀಸಿಯಾ. ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವು ದಿನ, ಕೆಲವು ವಾರಗಳಲ್ಲಿ ಬರುವ ತಳಮಳ ಅದು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು, ನಡೆದರೆ ತುಸು ಹಗುರ. ಮಂಡ್ಯ ಕಡೆಯ ತಾಯಿಯೊಬ್ಬರು ಮಗನನ್ನು ಕರೆತಂದು, "ರಾತ್ರಿಯೆಲ್ಲಾ ತಿರುಗ್ತಾನೇ ಇರ್ತಾನೆ ಸಾ, ಹಿಡ್ಕೊಂಡ್ರೆ ಹೊಡೀತಾನೆ. ಡೋಸ್ ಒಂಚೂರು ಏರ್ಸಿ" ಎಂದರು. ಅವನು ಕುರ್ಚಿಯ ತುದಿಯಲ್ಲಿ ಕೂತು ಒಂದು ಕಾಲಿನ ಮೇಲೆ ಇನ್ನೊಂದನ್ನು ತಿಕ್ಕುತ್ತಿದ್ದ, ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದ. ಬಾಯಲ್ಲಿ ಹೆಚ್ಚು ಮಾತಿಲ್ಲ, ಮೊಬೈಲಿನಲ್ಲಿ ಬರೆಯುತ್ತಾನೆ. "ಕಾಲು ಸುಮ್ಮನೆ ಇಡಲು ಆಗುತ್ತಾ?" ಎಂದು ಕೇಳಿದೆ. "ಇಲ್ಲ. ಕಾಲೊಳಗೆ ಇರುವೆ" ಎಂದು ಬರೆದು ತೋರಿಸಿದ. ಡೋಸ್ ಇಳಿಸಿದೆವು, ತಿರುಗಾಟವೂ ಹೊಡೆತವೂ ಇಳಿದವು. ಏರಿಸಿದ್ದರೆ ಆ ಇರುವೆಗಳನ್ನೇ ಹೆಚ್ಚಿಸಿದಂತಾಗುತ್ತಿತ್ತು. ಬರೆಯಲೂ ಬಾರದ ಎಷ್ಟು ಮಕ್ಕಳು ಇದೇ ಸಂಕಟಕ್ಕೆ ಇನ್ನಷ್ಟು ಮಾತ್ರೆ ನುಂಗುತ್ತಿರಬಹುದು ಎಂದು ನೆನೆದರೆ ಕರುಳು ಹಿಂಡುತ್ತದೆ.

ಹಸಿವಿನದೂ ದೊಡ್ಡ ಗೋಳು. ಒಂದು ಮುದ್ದೆ ಉಣ್ಣುತ್ತಿದ್ದವನು ಮೂರು ಉಂಡು ಮತ್ತೆ ಅಡುಗೆಮನೆಗೆ ಬರುತ್ತಾನೆ. ಅದು ಆಸೆಬುರುಕತನವಲ್ಲ, ಹೊಟ್ಟೆ ತುಂಬಿದ್ದು ಮಿದುಳಿಗೆ ಮುಟ್ಟದಂತೆ ಔಷಧ ಮಾಡಿರುತ್ತದೆ, ದಯವಿಟ್ಟು ಬೈಯಬೇಡಿ. ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಮಾತ್ರೆಗೆ ಮೊದಲೊಮ್ಮೆ, ಆಮೇಲೂ ಆಗಾಗ ನೋಡಬೇಕು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುವುದರಿಂದ ಹುಡುಗಿಯರಿಗೆ ಮುಟ್ಟು ನಿಲ್ಲಬಹುದು, ಹುಡುಗರಿಗೆ ಎದೆ ಊದಬಹುದು. ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ, ವೈದ್ಯರೇ ಕೇಳಬೇಕು.

ದಸರಾ ಹತ್ತಿರ ಬಂದರೆ ಡೋಸ್ ಏರಿಸಿ ಎನ್ನುವವರು ಹೆಚ್ಚುತ್ತಾರೆ. ದೀಪಾಲಂಕಾರ, ನೆಂಟರು, ಪಟಾಕಿ, ಶಾಲೆಗೆ ರಜೆ, ದಿನಚರಿಯೆಲ್ಲ ಕದಡಿರುತ್ತದೆ. ಹತ್ತು ದಿನದ ಗದ್ದಲಕ್ಕೆಂದು ಏರಿದ ಡೋಸ್ ಮುಂದಿನ ವರ್ಷವೂ ಚೀಟಿಯಲ್ಲಿ ಹಾಗೇ ಉಳಿದದ್ದನ್ನು ನೋಡಿದ್ದೇನೆ. ಕಿವಿಗೆ ಹೆಡ್‌ಫೋನ್, ಮನೆಯಲ್ಲೊಂದು ಕತ್ತಲ ಮೂಲೆ, ಎಂದಿನ ಹೊತ್ತಿಗೆ ಊಟ: ಮೊದಲು ಇವು. ಇದ್ದಕ್ಕಿದ್ದಂತೆ ಕೈ ಮಾಡತೊಡಗಿದರೆ ಹಲ್ಲು ಬಿಚ್ಚಿಸಿ ನೋಡಿ, ಕಿವಿ ನೋಡಿ, ಕಕ್ಕಸಿಗೆ ಹೋಗಿ ಎಷ್ಟು ದಿನವಾಯಿತು ವಿಚಾರಿಸಿ. ಹಲ್ಲುನೋವಿಗೆ ಆಂಟಿಸೈಕೋಟಿಕ್ ಕೊಡುವುದು ಅನ್ಯಾಯ.

"ಹೇಗನ್ನಿಸ್ತಿದೆ?" ಎಂಬ ಪ್ರಶ್ನೆ ಆಟಿಸಂ ಇರುವ ಅನೇಕರಿಗೆ ಕೈಗೆ ಸಿಗುವುದಿಲ್ಲ. ನಿದ್ದೆ ಬೆಳಿಗ್ಗೆ ಬಿಡುತ್ತಾ, ಜೊಲ್ಲು ಸುರಿಯುತ್ತಾ, ಊಟವಾದ ಮೇಲೂ ಹಸಿವಾಗುತ್ತಾ ಎಂದು ಬಿಡಿಬಿಡಿಯಾಗಿ ಕೇಳಿ, ಉತ್ತರಕ್ಕೆ ಕಾಯಿರಿ. ಮಾತಿಲ್ಲದವರಿಗೆ ಮೈಯ ಚಿತ್ರ ಬರೆದು ಬೆರಳಿಟ್ಟು ತೋರಿಸಲು ಹೇಳಿ. ಅದೂ ಆಗದಿದ್ದರೆ ನಿದ್ದೆ, ನಡಿಗೆ, ಇಷ್ಟದ ಆಟದಲ್ಲಿ ಎಷ್ಟು ಹೊತ್ತು ಕೂತ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ.

ಇದನ್ನೋದಿ ನಾಳೆಯೇ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುತ್ತದೆ, ವಾಕರಿಕೆ ಬರುತ್ತದೆ, ಬಾಯಿ, ನಾಲಗೆ, ಬೆರಳು ತಾವೇ ಆಡತೊಡಗಬಹುದು. ವೈದ್ಯರೊಡನೆ ಕೂತು, ಪರೀಕ್ಷೆ, ಹಬ್ಬ, ಮನೆ ಬದಲಾವಣೆ ಇಲ್ಲದ ತಿಂಗಳು ನೋಡಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇಳಿಸಿದ ಮೊದಲ ವಾರಗಳಲ್ಲಿ ಕಾಣುವ ಸಿಡಿಮಿಡಿ ಔಷಧ ಬಿಡುವಾಗಿನ ತೊಂದರೆಯೂ ಆಗಿರಬಹುದು. ಆಗ ಹಳೆಯ ಡೋಸಿಗೆ ತಕ್ಷಣ ಮರಳುವ ಮುನ್ನ ವೈದ್ಯರಿಗೆ ಒಂದು ಫೋನ್ ಮಾಡಿ. ಫೋನ್ ಮಾಡುವಾಗ ಮಗನನ್ನೋ ಮಗಳನ್ನೋ ಪಕ್ಕದಲ್ಲೇ ಕೂರಿಸಿಕೊಳ್ಳಿ.