ಮೀನಿಲ್ಲದೆ ಮೀನೆಣ್ಣೆಯ ಸತ್ವ ಬರುವುದೆಲ್ಲಿಂದ?

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಬಸುರಿ ಮಗಳಿಗೆ ಡಾಕ್ಟರು ಡಿಎಚ್‌ಎ ಮಾತ್ರೆ ಬರೆದುಕೊಟ್ಟಿದ್ದಾರೆ. ಡಬ್ಬಿಯ ಮೇಲೆ ‘ಆಲ್ಗಲ್ ಆಯಿಲ್’ (ಪಾಚಿಯ ಎಣ್ಣೆ) ಎಂದಿದೆ. ಇದರಲ್ಲಿ ಮೀನು ಇಲ್ಲವೆಂದು ನಂಬಬಹುದೇ?

ಎಣ್ಣೆಯ ಮಟ್ಟಿಗೆ ಧಾರಾಳವಾಗಿ ನಂಬಬಹುದು. ಡಿಎಚ್‌ಎ ಎಂದರೆ ಮೀನೆಣ್ಣೆಯಲ್ಲಿರುವ ಒಂದು ಬಗೆಯ ಒಮೆಗಾ-3 ಕೊಬ್ಬು. ಬೂತಾಯಿ, ಬಂಗುಡೆಗಳಲ್ಲಿರುವ ಡಿಎಚ್‌ಎಯ ಬಹುಪಾಲು ಆ ಮೀನುಗಳು ತಾವೇ ತಯಾರಿಸಿಕೊಂಡದ್ದಲ್ಲ. ಕಣ್ಣಿಗೆ ಕಾಣದ ಕಡಲ ಜೀವಿಗಳು ಮಾಡಿದ್ದು ಆಹಾರದ ಮೂಲಕ ಅವುಗಳ ಮೈ ಸೇರುತ್ತದೆ. ಕಾರ್ಖಾನೆಯವರು ನಡುವಿನ ಮೀನನ್ನು ಬಿಟ್ಟು ಆ ಮೂಲಜೀವಿಯನ್ನೇ ಸಾಕತೊಡಗಿದರು.

ಅಂಥ ಜೀವಿಗಳಲ್ಲಿ ಮುಖ್ಯವಾದದ್ದು ಸ್ಕಿಜೋಕಿಟ್ರಿಯಂ. ಡಬ್ಬಿಯವರು ಪಾಚಿ ಎಂದರೂ ಇದು ನಿಜವಾದ ಪಾಚಿಯಲ್ಲ. ಮೈಯಲ್ಲಿ ಹಸಿರಿಲ್ಲ, ಬಿಸಿಲೂ ಬೇಕಿಲ್ಲ. ಇದರ ಬಳಗದವು ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಉದುರಿ ಕೊಳೆಯುವ ಎಲೆಗಳ ಮೇಲೆ ಬದುಕುತ್ತವೆ. ಇವನ್ನು ಹಿಡಿಯುವ ಬಗೆ ಬಲು ಚೆಂದ. ಕೊಳೆತ ಎಲೆಯ ಚೂರನ್ನು ಸಮುದ್ರದ ನೀರಿಗೆ ಹಾಕಿ, ಮೇಲೆ ಚಿಟಿಕೆ ಪೈನ್ ಮರದ ಪರಾಗ ಉದುರಿಸುತ್ತಾರೆ. ಕೆಲ ದಿನ ಕಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪರಾಗದ ಕಣಗಳಿಗೆ ದುಂಡನೆಯ ಕೋಶಗಳು ಅಂಟಿಕೊಂಡಿರುತ್ತವೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಈ ಬಳಗದ ಮೇಲೆ ಬಹುಕಾಲ ಕೆಲಸ ನಡೆದಿದೆ.

ಕಾರ್ಖಾನೆಯಲ್ಲಿ ಇವು ಬೆಳೆಯುವುದು ಮುಚ್ಚಿದ ಉಕ್ಕಿನ ತೊಟ್ಟಿಗಳ ಕತ್ತಲಲ್ಲಿ, ಗ್ಲೂಕೋಸ್ ತಿಂದುಕೊಂಡು. ಮೊದಲು ಸಾರಜನಕವನ್ನೂ ಕೊಟ್ಟು ಸಂಖ್ಯೆ ಹೆಚ್ಚಿಸುತ್ತಾರೆ. ಆಮೇಲೆ ಸಾರಜನಕ ನಿಲ್ಲಿಸಿ ಸಕ್ಕರೆ ಮಾತ್ರ ಮುಂದುವರಿಸುತ್ತಾರೆ. ಸಾರಜನಕವಿಲ್ಲದೆ ಪ್ರೋಟೀನು ಕಟ್ಟಲಾಗದು, ಕೋಶ ಒಡೆದು ಎರಡಾಗದು. ಬರುವ ಸಕ್ಕರೆಯನ್ನು ಅದು ಎಣ್ಣೆಯಾಗಿಸಿ ಕೂಡಿಡುತ್ತದೆ. ಒಳ್ಳೆಯ ತಳಿಗಳಲ್ಲಿ ಒಣತೂಕದ ಅರ್ಧಕ್ಕೂ ಹೆಚ್ಚು ಎಣ್ಣೆಯೇ ಇರುತ್ತದೆ.

ಒಂದು ತೊಡಕಿತ್ತು. ಕಡಲ ಜೀವಿಗೆ ಉಪ್ಪು ಬೇಕು, ಆದರೆ ಉಪ್ಪಿನ ಕ್ಲೋರೈಡು ಉಕ್ಕಿನ ತೊಟ್ಟಿಯನ್ನೇ ತಿನ್ನುತ್ತದೆ. ಅಮೆರಿಕದ ವಿಜ್ಞಾನಿ ವಿಲಿಯಂ ಬಾರ್ಕ್ಲೇ ಅಡುಗೆ ಉಪ್ಪಿನ ಬದಲು ಸೋಡಿಯಂ ಸಲ್ಫೇಟ್ ಬಳಸಿ ಬೆಳೆಸುವ ದಾರಿ ತೋರಿಸಿದರು. ಜೀವಿಗೆ ಬೇಕಿದ್ದ ಸೋಡಿಯಂ ಸಿಕ್ಕಿತು, ತೊಟ್ಟಿಯೂ ಉಳಿಯಿತು. ಈ ಇಡೀ ಉದ್ಯಮದಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಉಪಾಯ ಇದೇ.

ಕ್ರಿಪ್ತಿಕೊಡಿನಿಯಂ ಎಂಬ ಇನ್ನೊಂದು ಕಡಲ ಜೀವಿಯ ಎಣ್ಣೆಯನ್ನು ಶಿಶುಗಳ ಹಾಲಿನ ಪುಡಿಗೆ ಸೇರಿಸಲು ಅಮೆರಿಕದಲ್ಲಿ 2001ರಲ್ಲೇ ದಾರಿ ತೆರೆಯಿತು. ಈಗ ಸಾಕಣೆಯ ಸಾಲ್ಮನ್ ಮೀನಿನ ಮೇವಿಗೂ ಇಂಥ ಎಣ್ಣೆ ಹೋಗುತ್ತಿದೆ. ಅಷ್ಟರಮಟ್ಟಿಗೆ ಮೇವಿನ ಎಣ್ಣೆಗಾಗಿ ಹಿಡಿಯುವ ಕಡಲ ಸಣ್ಣ ಮೀನುಗಳು ಉಳಿಯುತ್ತವೆ.

ಅಗಸೆ ಬೀಜ ಸಾಲದೇ ಎಂದು ಹಲವರು ಕೇಳುತ್ತಾರೆ. ಅಗಸೆ ಒಳ್ಳೆಯದೇ, ಬಿಡಬೇಡಿ. ಆದರೆ ಅದರಲ್ಲಿರುವ ಒಮೆಗಾ-3 ಬೇರೆ ಬಗೆಯದು, ನಮ್ಮ ದೇಹ ಅದರಲ್ಲಿ ತೀರ ಸ್ವಲ್ಪವನ್ನಷ್ಟೇ ಡಿಎಚ್‌ಎ ಆಗಿ ಬದಲಿಸಿಕೊಳ್ಳುತ್ತದೆ.

ಇನ್ನು ನೀವು ನೋಡಬೇಕಾದದ್ದು ಮಾತ್ರೆಯ ಹೊರಕವಚ. ಒಳಗಿನ ಎಣ್ಣೆ ಸಸ್ಯಾಹಾರಿಗಳಿಗೆ ಸಲ್ಲುವಂಥದ್ದಾದರೂ ಕವಚ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಟಿನ್ ಆಗಿರಬಹುದು. ಡಬ್ಬಿಯ ಹಿಂದಿನ ಸಣ್ಣಕ್ಷರಗಳಲ್ಲಿ ಅದನ್ನು ಬರೆದಿರುತ್ತಾರೆ. ಜೆಲಟಿನ್ ಎಂದಿದ್ದರೆ ಡಾಕ್ಟರಿಗೆ ತಿಳಿಸಿ, ಜೆಲಟಿನ್ ಇಲ್ಲದ ಕವಚದ್ದನ್ನು ಬರೆಸಿಕೊಳ್ಳಿ.