ಪ್ಲೇಯರ್ ಕೊಳ್ಳುವ ಮೊದಲು ಹಾಡುಗಳ ಫೋಲ್ಡರ್ ತೆಗೆದು ನೋಡಿ

ಅಪ್ಪಾಜಿಯ ಕ್ಯಾಸೆಟ್‌ಗಳು ಎರಡು ಟ್ರಂಕ್ ತುಂಬ ಇದ್ದವು. ವಚನ, ಭಾವಗೀತೆ, ಕಂಪನಿ ನಾಟಕದ ಹಾಡುಗಳು. ಚಿಂದೋಡಿ ಲೀಲಾ ಅವರ ಊರು ನಮ್ಮ ದಾವಣಗೆರೆ, ರಂಗಗೀತೆ ಇಲ್ಲದ ಮನೆ ಇದ್ದೀತೆ? ಅವನ್ನೆಲ್ಲ ಕೂತು ಕಂಪ್ಯೂಟರಿಗೆ ಇಳಿಸಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕೇಳಲಿ ಅಂತ ಒಂದು ಪುಟ್ಟ ಮ್ಯೂಸಿಕ್ ಪ್ಲೇಯರ್, 64 ಜಿಬಿ ಕಾರ್ಡ್ ತಂದೆ.

ಕಾರ್ಡ್ ಹಾಕಿದರೆ ಪ್ಲೇಯರಿಗೆ ಅದು ಕಾಣಲೇ ಇಲ್ಲ. ಹಳೆಯ 32 ಜಿಬಿ ಕಾರ್ಡ್ ಹಾಕಿದೆ, ಕಂಡಿತು. ಆದರೆ ಅರ್ಧದಷ್ಟು ಹಾಡು ನಾಪತ್ತೆ. ಉಳಿದವುಗಳ ಹೆಸರಿನ ಜಾಗದಲ್ಲಿ ಸಾಲುಸಾಲು ಚೌಕ.

ಕಾರ್ಡಿನದು ಸುಲಭ. ಯಾವ ಫೈಲ್ ಎಲ್ಲಿದೆ ಎಂದು ಕಾರ್ಡಿನೊಳಗೇ ಲೆಕ್ಕ ಬರೆದಿರುತ್ತದೆ, ಮಂಡಿಪೇಟೆ ಅಂಗಡಿಯ ಖಾತೆ ಪುಸ್ತಕದ ಹಾಗೆ. 32 ಜಿಬಿವರೆಗಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾಟ್32 ಎಂಬ ಪದ್ಧತಿ, ಅದಕ್ಕಿಂತ ದೊಡ್ಡದರಲ್ಲಿ ಎಕ್ಸ್‌ಫ್ಯಾಟ್. ಎಷ್ಟೋ ಅಗ್ಗದ ಪ್ಲೇಯರ್‌ಗಳಿಗೆ ಮೊದಲನೆಯದು ಮಾತ್ರ ಓದಲು ಬರುತ್ತದೆ.

ಹಾಡು ಕಾಣೆಯಾದದ್ದಕ್ಕೆ ಕಾರಣ ಬೇರೆ, ಅದು ಫೈಲುಗಳ ಬಗೆಯದು. ಸಿಡಿ ಗುಣಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆಯುತ್ತಾರೆ. ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಇದು ವೇವ್ ಫೈಲ್. ಎಂಪಿ3 ಮಾಡಿದರೆ ಅದೇ ನಿಮಿಷ ಸುಮಾರು ಒಂದು ಎಂಬಿಗೆ ಇಳಿಯುತ್ತದೆ. ಹೇಗೆ? ಮಂಡಕ್ಕಿ ಭಟ್ಟಿಯ ಸದ್ದಿನ ನಡುವೆ ಪಕ್ಕದವರು ಪಿಸುಗುಟ್ಟಿದರೆ ಕೇಳಿಸುವುದಿಲ್ಲ ಅಲ್ವಾ? ಹಾಡಿನಲ್ಲೂ ಜೋರಾದ ಸ್ವರದ ಮರೆಯಲ್ಲಿ ಸಣ್ಣ ಸ್ವರಗಳು ಕಿವಿಗೆ ಬೀಳುವುದಿಲ್ಲ. ಹಾಗೆ ಕೇಳಿಸದ್ದನ್ನು ಒರಟಾಗಿ ಬರೆದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರ್‌ಗಳು ಈ ಕೆಲಸದಲ್ಲಿ ಮುಂದಿದ್ದರು. ಎಂಪಿ3 ಎಂಬ ಬಾಲ ಫೈಲಿನ ಹೆಸರಿಗೆ ಅಂಟಿದ್ದು 1995ರಲ್ಲಿ. ಒಂದು ಮಾತು ನೆನಪಿರಲಿ: ಬಿಟ್ಟದ್ದು ಮತ್ತೆ ಬರುವುದಿಲ್ಲ. ಫ್ಲ್ಯಾಕ್ ಎಂಬುದು ಹಾಗಲ್ಲ. ಫೈಲ್ ಕುಗ್ಗುತ್ತದೆ, ಆದರೆ ಏನೂ ಕಳೆಯುವುದಿಲ್ಲ.

ನನ್ನ ಫೋಲ್ಡರಿನಲ್ಲಿ ಎಂಪಿ3, ಫ್ಲ್ಯಾಕ್, ಹಳೆ ವಿಂಡೋಸ್ ಕಂಪ್ಯೂಟರಿನ ಡಬ್ಲ್ಯುಎಂಎ ಮೂರೂ ಕಲೆತಿದ್ದವು. ಪ್ಲೇಯರಿಗೆ ಗೊತ್ತಿದ್ದದ್ದು ಎಂಪಿ3 ಒಂದೇ. ಡಬ್ಲ್ಯುಎಂಎಯನ್ನು ಎಂಪಿ3ಗೆ ಬದಲಿಸಬಹುದು, ಆದರೆ ಅದೂ ಎಂಪಿ3 ತರಹ ಕೇಳಿಸದ್ದನ್ನು ಬಿಟ್ಟು ಬರೆದದ್ದು, ಒಮ್ಮೆ ಕಳೆದದ್ದರ ಮೇಲೆ ಇನ್ನೊಮ್ಮೆ ಕಳೆಯುತ್ತದೆ. ಹಾಗಾಗಿ ಆ ಕ್ಯಾಸೆಟ್‌ಗಳನ್ನು ಮತ್ತೆ ಹಾಕಿ, ಈ ಸಲ ಫ್ಲ್ಯಾಕ್ ಮಾಡಿ ಇಟ್ಟುಕೊಂಡೆ. ಅದರಿಂದ ಬೇಕಾದಾಗ ಎಂಪಿ3 ತೆಗೆಯಬಹುದು.

ಕಂಪ್ಯೂಟರ್ ಮತ್ತು ಪ್ಲೇಯರ್ ಹೊಂದಿಕೆಯೂ ಮುಖ್ಯ. 2001ರಲ್ಲಿ ಬಂದ ಮೊದಲ ಐಪಾಡ್ ಮ್ಯಾಕ್ ಜೊತೆ ಮಾತ್ರ ಕೆಲಸ ಮಾಡುತ್ತಿತ್ತು, ವಿಂಡೋಸ್‌ನವರು ಮರುವರ್ಷದವರೆಗೆ ಕಾಯಬೇಕಾಯಿತು. ಪೆನ್ ಡ್ರೈವ್ ತರಹ ತೆರೆದುಕೊಳ್ಳುವ ಪ್ಲೇಯರ್ ಆದರೆ ಯಾವ ಕಂಪ್ಯೂಟರ್ ಆದರೂ ಸೈ. ಫೈಲ್ ಸಾಗಿಸಲು ಎಂಟಿಪಿ ಎಂಬ ಬೇರೆ ಪದ್ಧತಿ ಬಳಸುವುದಾದರೆ ವಿಂಡೋಸ್ ಗುರುತಿಸುತ್ತದೆ, ಮ್ಯಾಕ್‌ಗೆ ಬೇರೆ ಸಾಫ್ಟ್‌ವೇರ್ ಬೇಕು. ಕೇಬಲ್ ಕೂಡ ನೋಡಿ. ಕೆಲವು ಸುಮ್ನೆ ಚಾರ್ಜ್ ಮಾಡುತ್ತವೆ, ಫೈಲ್ ಸಾಗಿಸುವ ತಂತಿಯೇ ಒಳಗಿರುವುದಿಲ್ಲ.

ನನಗೆ ಜಾಸ್ತಿ ನೋವಾದದ್ದು ಆ ಚೌಕಗಳನ್ನು ನೋಡಿ. ಅಪ್ಪಾಜಿ ಕನ್ನಡ ಮಾತ್ರ ಓದುತ್ತಾರೆ. ಹಾಡಿನ ಹೆಸರು ಫೈಲಿನೊಳಗೆ ಟ್ಯಾಗ್ ಆಗಿ ಕೂತಿರುತ್ತದೆ. ಅದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯಲ್ಲಿ, ಸರಿಯಾಗಿದ್ದರೂ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಚೌಕವೇ ಗತಿ. ಫಾಂಟ್ ಒಂದಿದ್ದರೂ ಸಾಲದು. ‘ಅಕ್ಕ’ ಎಂಬ ಪದ ಕಂಪ್ಯೂಟರಿನೊಳಗೆ ಅ, ಕ, ಅದರ ಸ್ವರ ತೆಗೆಯುವ ಒಂದು ಗುರುತು (್), ಮತ್ತೆ ಕ ಎಂದು ನಾಲ್ಕು ತುಂಡಾಗಿರುತ್ತದೆ. ಎರಡನೆಯ ಕ ಅನ್ನು ಒತ್ತಾಗಿಸಿ ಕೆಳಗೆ ಕೂರಿಸುವುದು ಪ್ಲೇಯರಿನ ತಂತ್ರಾಂಶದ ಕೆಲಸ. ಬಹಳಷ್ಟಕ್ಕೆ ಅದು ಬರುವುದೇ ಇಲ್ಲ. ಇನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಹೆಸರು ಬರೆದಿಟ್ಟಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಗುರುತುಗಳು ಕಾಣುತ್ತವೆ.

ಎರಡನೇ ಸಲ ಅಂಗಡಿಗೆ ಹೋಗುವಾಗ ಒಂದು ಕಾರ್ಡಿಗೆ ಐದೇ ಹಾಡು ತುಂಬಿಕೊಂಡೆ. ಎರಡು ಎಂಪಿ3, ಎರಡು ಫ್ಲ್ಯಾಕ್, ಮತ್ತೆ ‘ಅಕ್ಕ’ ಎಂದು ಟ್ಯಾಗ್ ಹಾಕಿದ ಒಂದು ವಚನ. ಅಂಗಡಿಯವರು ಬೇಸರಿಸದೆ ಒಂದೊಂದೇ ಪ್ಲೇಯರ್ ತೆಗೆದು ಕೊಟ್ಟರು. ಮೊದಲನೆಯದರಲ್ಲಿ ಚೌಕ. ಎರಡನೆಯದರಲ್ಲಿ ತುಂಡುತುಂಡು ಅಕ್ಷರ. ಮೂರನೆಯದು ಆಂಡ್ರಾಯ್ಡ್ ಇದ್ದದ್ದು, ಬೆಲೆ ಜಾಸ್ತಿ. ಅದರ ಪರದೆಯನ್ನು ಅಪ್ಪಾಜಿಯ ಕಡೆ ತಿರುಗಿಸಿದೆ. ಕನ್ನಡಕ ಸರಿಮಾಡಿಕೊಂಡು ಅವರೇ ಗಟ್ಟಿಯಾಗಿ ಓದಿದರು: “ಅಕ್ಕ.”